ತಾಮರಶ್ಶೇರಿ ಘಾಟಿ, ಲಕ್ಕಿಡಿಯ ಸರಪಳಿ ಮರ: ಹೋಗಿ ಬಂದವರು ಅನುಭವ ಹೇಳಿ

ಪ್ರಶ್ನೆ (ಮೈಸೂರು): ಮುಂದಿನ ತಿಂಗಳು ಅಪ್ಪ ಅಮ್ಮನನ್ನು ಕರೆದುಕೊಂಡು ಕಾರಿನಲ್ಲಿ ವಯನಾಡಿನ ತಾಮರಶ್ಶೇರಿ ಘಾಟಿ ಇಳಿದು ಕಲ್ಲಿಕೋಟೆಗೆ ಹೋಗುತ್ತಿದ್ದೇನೆ. ಘಾಟಿಯ ನೆತ್ತಿಯ ಲಕ್ಕಿಡಿಯಲ್ಲಿ ದೆವ್ವವನ್ನು ಮರಕ್ಕೆ ಸರಪಳಿ ಹಾಕಿ ಕಟ್ಟಿದ್ದಾರೆ ಅಂತ ಯಾರೋ ಹೇಳಿ ಅಮ್ಮನನ್ನು ಹೆದರಿಸಿದ್ದಾರೆ. ಅಲ್ಲಿ ನಿಲ್ಲಿಸಬಹುದಾ? ಕತ್ತಲಾದ ಮೇಲೆ ಘಾಟಿ ಇಳಿಯಬಹುದಾ?

ನಂಜನಗೂಡಿನಿಂದ: ದೆವ್ವ ಬಿಡಿ ಮೇಡಂ, ಆ ಘಾಟಿಯ ಟ್ರಾಫಿಕ್ ಸಾಕು ಜೀವ ತಿನ್ನೋದಕ್ಕೆ. ಭಾನುವಾರ ಸಂಜೆ ಕಲ್ಲಿಕೋಟೆಯಿಂದ ವಾಪಸ್ ಹತ್ತುತ್ತಿದ್ದೆವು. ಏಳನೇ ತಿರುವಿನಲ್ಲಿ ಲಾರಿಯೊಂದು ಆಕ್ಸಲ್ ಮುರಿದುಕೊಂಡು ಅಡ್ಡ ನಿಂತಿತ್ತು. ಒಂದಡಿ ಮುಂದೆ, ನಿಲ್ಲು, ಮತ್ತೆ ಒಂದಡಿ. ಐದನೇ ತಿರುವಿಗೆ ಬರುವಷ್ಟರಲ್ಲಿ ಕ್ಲಚ್ ಸುಟ್ಟ ವಾಸನೆ ಕಾರಿನ ಒಳಗೇ ಬಂತು. ಘಾಟಿಯ ಬುಡದ ಅಡಿವಾರಂಗೆ ಎಳೆಸಲು 4,500. ಕ್ಲಚ್ ಸೆಟ್ 9,800, ಕೂಲಿ 3,200. ರಾತ್ರಿ ರೂಮಿಗೆ 1,800, ಬೆಳಿಗ್ಗೆ ಗ್ಯಾರೇಜಿಗೆ ಆಟೋ 350. ಒಟ್ಟು 19,650 ರೂಪಾಯಿ. ಸರಪಳಿ ಮರ ನೋಡಲೇ ಇಲ್ಲ. ಅದರಲ್ಲಿ ನೋಡೋದೇನಿದೆ? ಮರಕ್ಕೆ ಒಂದು ಚೈನು, ಅಷ್ಟೇ.

ಬತ್ತೇರಿಯಿಂದ: "ಒಂದು ಚೈನು, ಅಷ್ಟೇ" ಅಂದವರು ಸ್ವಲ್ಪ ಕೇಳಿ. ನಾನು ಚಾಮರಾಜನಗರದವನು, ವಯನಾಡಿನ ಬತ್ತೇರಿಯಲ್ಲಿ ಅಂಗಡಿ ಇಟ್ಟಿದ್ದೇನೆ. ನನ್ನ ಅಂಗಡಿಗೆ ಬರುವ ಪಣಿಯ ಆದಿವಾಸಿ ಹಿರಿಯರು ಆ ಮರಕ್ಕೆ ಕಟ್ಟಿದವನನ್ನು ದೆವ್ವ ಅನ್ನೋದಿಲ್ಲ, ನಮ್ಮ ಕರಿಂತಂಡನ್ ಅನ್ನುತ್ತಾರೆ. ದನ ಮೇಯಿಸುತ್ತಾ ಬೆಟ್ಟ ಹತ್ತುವ ದಾರಿ ಅವನಿಗೆ ಗೊತ್ತಿತ್ತು. ಬ್ರಿಟಿಷ್ ಇಂಜಿನಿಯರನಿಗೆ ತೋರಿಸಿದ. ದಾರಿ ಹುಡುಕಿದ ಹೆಸರು ತನಗೇ ಬರಲಿ ಅಂತ ಆ ದೊರೆ ಇವನನ್ನು ಕೊಂದ. ಮಲಗಿದ್ದಾಗ ಕೈಯ ಬಳೆ ಕದ್ದು ಶಕ್ತಿ ಕಳೆದು ಆಮೇಲೆ ಕೊಂದರು ಅಂತಲೂ ಹೇಳುತ್ತಾರೆ. ಮುಂದೆ ಘಾಟಿಯಲ್ಲಿ ಗಾಡಿಗಳು ಉರುಳತೊಡಗಿದವು. ಆಗ ಮಂತ್ರವಾದಿ ಬಂದು ಆತ್ಮವನ್ನು ಸರಪಳಿಯಿಂದ ಮರಕ್ಕೆ ಬಿಗಿದನಂತೆ. ಕೊಂದವನನ್ನು ಯಾರೂ ಕಟ್ಟಲಿಲ್ಲ, ಸತ್ತವನನ್ನು ಕಟ್ಟಿದರು. ನನಗೆ ಹೊಟ್ಟೆ ಉರಿಯೋದು ಇದಕ್ಕೇ. ಮಾರ್ಚ್‌ನಲ್ಲಿ ಆದಿವಾಸಿಗಳು ಅವನ ನೆನಪಿಗೆ ಅಡಿವಾರಂನಿಂದ ಲಕ್ಕಿಡಿವರೆಗೆ ನಡೆದು ಹತ್ತುತ್ತಾರೆ. ಅಮ್ಮನಿಗೆ ಇದನ್ನು ಹೇಳಿ.

ಮಂಡ್ಯದಿಂದ (ನಿವೃತ್ತ ಇತಿಹಾಸ ಮೇಷ್ಟ್ರು): ಭಾವನೆ ಸರಿ, ಆದರೆ ಲೆಕ್ಕ ಕೂಡಬೇಕಲ್ವಾ? 1788ರಲ್ಲೇ ಟಿಪ್ಪು ಇದೇ ಘಾಟಿ ಇಳಿದು ಕಲ್ಲಿಕೋಟೆಗೆ ಹೋಗಿದ್ದ. ಅವನು ಸತ್ತದ್ದು 1799ರಲ್ಲಿ. ವಯನಾಡಿನಲ್ಲಿ ಬ್ರಿಟಿಷರು ನೆಮ್ಮದಿಯಾಗಿ ಕೂತದ್ದು 1805ರಲ್ಲಿ, ಅವರ ವಿರುದ್ಧ ಕಾದಾಡುತ್ತಿದ್ದ ಪಳಶ್ಶಿ ರಾಜ ಸತ್ತ ಮೇಲೆ. ಮೈಸೂರಿನ ಸೈನ್ಯ ಇಳಿದ ದಾರಿ ಇಂಜಿನಿಯರನಿಗೆ ಗೊತ್ತೇ ಇರಲಿಲ್ಲ ಅಂದರೆ ನಂಬೋದು ಹೇಗೆ? ನಿವೃತ್ತಿಯಾದ ಮೇಲೆ ಇದೇ ವಿಷಯದ ಹಳೇ ಕಾಗದಗಳನ್ನು ಹುಡುಕಿಕೊಂಡು ಊರೂರು ಅಲೆದಿದ್ದೇನೆ. ಬಸ್ಸು, ಲಾಡ್ಜು, ಜೆರಾಕ್ಸಿಗೆ ಪೆನ್ಷನ್ ಹಣ 11,000 ಖರ್ಚಾಗಿದೆ. ನಾನು ನೋಡಿದ ಒಂದು ಹಾಳೆಯಲ್ಲೂ ಆ ಹೆಸರಿಲ್ಲ.

ಬತ್ತೇರಿಯಿಂದ: ಮೇಷ್ಟ್ರೇ, ಟಿಪ್ಪು ಸೈನ್ಯಕ್ಕಾದರೂ ಕಾಡಿನ ದಾರಿ ತೋರಿಸಿದವರು ಯಾರು? ವಳ್ಳಿಯೂರ್‌ಕಾವು ಜಾತ್ರೆಯಲ್ಲಿ ಪಣಿಯರನ್ನು ವರ್ಷಕ್ಕೆ ಇಷ್ಟು ಅಂತ ಜೀತಕ್ಕೆ ಗೊತ್ತು ಮಾಡುತ್ತಿದ್ದ ಕಾಲವಿತ್ತು. ಜೀತದಾಳಿನ ಹೆಸರನ್ನು ದೊರೆಗಳು ಬರೆದಿಡುತ್ತಾರಾ? ಕಾಗದ ಬರೆದವರೇ ಕೊಂದವರಾದರೆ ನೀವು ಎಷ್ಟು ಜೆರಾಕ್ಸ್ ಮಾಡಿಸಿದರೂ ಅಷ್ಟೇ.

ಮಂಡ್ಯದಿಂದ: ಮಾತಿನ ಮೇಲೆ ನಿಗಾ ಇರಲಿ. ನಾನು ಪಣಿಯರ ವಿರೋಧಿ ಅಲ್ಲ. ಮೂವತ್ತು ವರ್ಷ ಮಕ್ಕಳಿಗೆ ಸಾಕ್ಷಿ ಕೇಳಿ ಅಂತಲೇ ಪಾಠ ಮಾಡಿದ್ದೇನೆ.

ಬೆಂಗಳೂರಿನಿಂದ (ಬೈಕ್): ಇದೆಲ್ಲ ಸಣ್ಣ ಘಾಟಿ ಬಾಸ್. ಮನಾಲಿ–ಲೇಹ್ ರಸ್ತೆಯ ಗಾಟಾ ಲೂಪ್ಸ್ ನೋಡಿ, 21 ತಿರುವು. ಕೆಟ್ಟು ನಿಂತ ಲಾರಿ ಕಾಯುತ್ತಾ ಹಿಮದಲ್ಲಿ ಸತ್ತ ಕ್ಲೀನರ್ ನೀರು ಕೇಳುತ್ತಾನೆ ಅಂತ ಜನ ಬಾಟಲಿ ಇಟ್ಟು ಹೋಗುತ್ತಾರೆ. ನಾನೂ ಇಟ್ಟೆ, ಕೈ ನಡುಗಿತ್ತು. ಲಕ್ಕಿಡಿಯಲ್ಲಿ ಹಾಗೇನೂ ಆಗಲಿಲ್ಲ. ನನ್ನ ದೆವ್ವ ರಾತ್ರಿ ಮುಚ್ಚುವ ಬಂಡೀಪುರ ಕಾಡಿನ ಗೇಟು! ಐದು ನಿಮಿಷ ತಡ ಆಯ್ತು, ಬಿಡಲಿಲ್ಲ. ವಾಪಸ್ ಬತ್ತೇರಿಗೆ ಹೋಗಿ ಸೊಳ್ಳೆ ರೂಮಿಗೆ 2,200 ಕೊಟ್ಟೆ, ಬೆಳಗಿನ ಶಿಫ್ಟ್ ಹೋಯ್ತು, ಒಂದು ದಿನದ ಸಂಬಳ ಕಟ್. ಈ ರಾತ್ರಿ ನಿಷೇಧ ತೆಗೆಯಬೇಕು.

ಗುಂಡ್ಲುಪೇಟೆಯಿಂದ (ಶುಂಠಿ ಲಾರಿ): ಏನ್ ತೆಗೆಯೋದು? ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟು ಹಾಕೋಕೆ ಶುರುವಾಗಿದ್ದು 2009ರಲ್ಲಿ. ಅದಕ್ಕೆ ಮುಂಚೆ ಬೆಳಗಿನ ಜಾವ ರಸ್ತೆ ಮೇಲೆ ಜಿಂಕೆ ಹೊಟ್ಟೆ ಒಡೆದು ಬಿದ್ದಿರೋದನ್ನು ಕಣ್ಣಾರೆ ಕಂಡಿದ್ದೇನೆ. ನನಗೂ ನಷ್ಟ ಆಗಿದೆ. ನಮ್ಮ ಗುಂಡ್ಲುಪೇಟೆ ಹತ್ತಿರದ ಮದ್ದೂರು ಚೆಕ್‌ಪೋಸ್ಟಲ್ಲಿ ರಾತ್ರಿಯಿಡೀ ನಿಂತು ಶುಂಠಿ ಬಾಡಿ, ವ್ಯಾಪಾರಿ ಚೀಲಕ್ಕೆ 150 ಕಡಿಮೆ ಕೊಟ್ಟ. ಆದರೂ ಗೇಟು ಇರಲಿ ಅಂತೀನಿ. ಸರಪಳಿ ಮರದ ಹತ್ತಿರ ಇಂಜಿನ್ ಆಫ್ ಮಾಡದೇನೇ ಕೈ ಮುಗಿದು ಮುಂದೆ ಹೋಗುತ್ತೇನೆ. ನಮ್ಮಪ್ಪನೂ ಹಾಗೇ ಮಾಡುತ್ತಿದ್ದರು. ಇನ್ನು ನಂಜನಗೂಡಿನವರೇ, ಕ್ಲಚ್ ಮೇಲೆ ಕಾಲಿಟ್ಟು ಗಾಡಿ ಹಿಡಿದು ನಿಲ್ಲಿಸಿದರೆ ಸುಡದೆ ಇನ್ನೇನು? ಹ್ಯಾಂಡ್‌ಬ್ರೇಕ್ ಯಾತಕ್ಕಿದೆ?

ನಂಜನಗೂಡಿನಿಂದ: ರೀ, ನಾನು ಹ್ಯಾಂಡ್‌ಬ್ರೇಕ್ ಹಾಕಿಯೇ ನಿಂತಿದ್ದೆ. ನಿಮ್ಮ ಲಾರಿಗಳು ಓವರ್‌ಲೋಡ್ ಹಾಕಿಕೊಂಡು ತಿರುವಿನಲ್ಲಿ ಮಲಗೋದರಿಂದಲೇ ಈ ಗತಿ.

ಗುಂಡ್ಲುಪೇಟೆಯಿಂದ: ನನ್ನ ಲಾರಿ ಓವರ್‌ಲೋಡ್ ಅಂತ ನೋಡಿದ್ದೀರಾ? ತೂಕದ ಚೀಟಿ ತೋರಿಸ್ತೀನಿ ಬನ್ನಿ.

ಬೆಂಗಳೂರಿನಿಂದ (ಬೈಕ್): ರಾತ್ರಿ ಹೋಗಲೇಬೇಕು ಅಂದರೆ ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂದವಾಡಿ ರಸ್ತೆ ಇದೆ.

ಬತ್ತೇರಿಯಿಂದ: ವಯಸ್ಸಾದವರನ್ನು ಕೂರಿಸಿಕೊಂಡು ರಾತ್ರಿ ಕುಟ್ಟ ರಸ್ತೇನಾ? ಆ ಕಡೆಯೂ ಆನೆ ಓಡಾಡುತ್ತವೆ ಸ್ವಾಮಿ. ಬೆಳಿಗ್ಗೆ 6ಕ್ಕೆ ಮದ್ದೂರು ಗೇಟು ತೆಗೆಯುವಾಗಲೇ ಹೊರಟರೆ ಬಿಸಿಲೇರುವ ಮುಂಚೆ ಲಕ್ಕಿಡಿಯಲ್ಲಿರುತ್ತೀರಿ. ಮೇಷ್ಟ್ರೇ, ನೀವೂ ಮಾರ್ಚ್‌ನಲ್ಲಿ ಬನ್ನಿ. ನಡೆಯುವವರನ್ನೇ ಕೇಳಿ.

ಮಂಡ್ಯದಿಂದ: ಬರುತ್ತೇನೆ. ಆದರೆ 1788ಕ್ಕೆ ಉತ್ತರ ಇನ್ನೂ ಬಂದಿಲ್ಲ.