ಡೋರ್ ಬೀಡಿಂಗ್ ಕಿರ್ ಕಿರ್, ಗ್ಲಾಸ್ ಗಡಗಡ: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಹುಬ್ಬಳ್ಳಿ): ನಮಸ್ಕಾರ ಅಣ್ಣಾ. ನಮ್ಮದು 2017ರ ಹ್ಯಾಚ್‌ಬ್ಯಾಕ್. ಹಂಪ್ ಹತ್ತಿಸುವಾಗ, ಒಂದು ಚಕ್ರ ಗುಂಡಿಗೆ ಇಳಿದಾಗ ಡ್ರೈವರ್ ಕಿಟಕಿ ಹತ್ತಿರ ಕಿರ್ ಕಿರ್ ಸದ್ದು. ಬೆಳಗಿನ ಚಳಿಗೆ ಜಾಸ್ತಿ. ಸರ್ವಿಸ್‌ಗೆ ಬಿಟ್ಟಾಗ ನಾಲ್ಕೂ ಡೋರಿನ ಬೀಡಿಂಗ್, ಅಂದರೆ ಸುತ್ತಲಿನ ರಬ್ಬರ್ ಪಟ್ಟಿ, ಬದಲಿಸಬೇಕು ಅಂದರು. ನಿಜವಾಗಿಯೂ ಬೇಕಾ?

ಉತ್ತರ: ನಮಸ್ಕಾರ ಸರ್. ಸದ್ಯಕ್ಕೆ ದುಡ್ಡು ಹಾಕಬೇಡಿ. ಸದ್ದು ಎಲ್ಲಿಂದ ಅಂತ ಗೊತ್ತಾಗದೆ ಪಾರ್ಟ್ ಬದಲಿಸಿದರೆ, ಹೊಸ ಪಾರ್ಟ್ ಜೊತೆ ಹಳೇ ಸದ್ದೂ ಮನೆಗೆ ಬರುತ್ತದೆ.

ಒಂದು ಚಕ್ರ ಮಾತ್ರ ಮೇಲೆ ಹತ್ತಿದಾಗ ಕಾರಿನ ಬಾಡಿ ಸ್ವಲ್ಪ ತಿರುಚಿಕೊಳ್ಳುತ್ತದೆ. ಆಗ ಡೋರ್ ಮತ್ತು ಅದರ ಚೌಕಟ್ಟು ಒಂದಕ್ಕೊಂದು ಕೂದಲೆಳೆಯಷ್ಟು ಜರುಗುತ್ತವೆ. ನಡುವೆ ಇರೋದು ರಬ್ಬರ್. ಅದು ಒಣಗಿದ್ದರೆ, ಧೂಳು ಕೂತಿದ್ದರೆ, ಪೇಂಟಿಗೆ ಅಂಟಿ ಹಿಡಿದುಕೊಂಡು ತಟ್ಟನೆ ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ತೊಳೆದ ಸ್ಟೀಲ್ ತಟ್ಟೆ ಮೇಲೆ ಒದ್ದೆ ಬೆರಳು ಎಳೆದರೆ ಕುಂಯ್ ಅನ್ನುತ್ತದಲ್ವಾ, ಹಾಗೆ. ಚಳಿಗೆ ರಬ್ಬರ್ ಗಟ್ಟಿಯಾಗುತ್ತದೆ, ಅದಕ್ಕೇ ಬೆಳಿಗ್ಗೆ ಜಾಸ್ತಿ.

ಖಾತ್ರಿ ಮಾಡಿಕೊಳ್ಳೋದು ಸುಲಭ. ಬೀಡಿಂಗ್ ಬಂದು ತಾಗುವ ಬಾಡಿಯ ಅಂಚಿಗೆ ಪೇಂಟರ್‌ಗಳು ಬಳಸುವ ಮಾಸ್ಕಿಂಗ್ ಟೇಪ್ ಅಂಟಿಸಿ. ಮೇಲಿನ ಮೂಲೆ ಮತ್ತು ನಡುಗಂಬದ (ಮುಂದಿನ, ಹಿಂದಿನ ಡೋರ್‌ಗಳ ನಡುವಿನ ಕಂಬ) ಉದ್ದಕ್ಕೆ ಮೊದಲು ಅಂಟಿಸಿ, ಹೆಚ್ಚಿನ ಸದ್ದು ಅಲ್ಲೇ. ಅದೇ ಹಂಪ್ ಮೇಲೆ ಗಾಡಿ ಹತ್ತಿಸಿ. ಸದ್ದು ನಿಂತರೆ ಕಳ್ಳ ಸಿಕ್ಕ. ಟೇಪ್ ಕಿತ್ತು, ಸೋಪಿನ ನೀರಲ್ಲಿ ಬಟ್ಟೆ ಅದ್ದಿ ರಬ್ಬರ್ ಒರೆಸಿ. ಬಾಡಿಯ ಅಂಚನ್ನೂ ಒರೆಸಿ, ಇದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಚೆನ್ನಾಗಿ ಒಣಗಲಿ. ಆಮೇಲೆ ಸಿಲಿಕೋನ್ ಗ್ರೀಸ್ ಕಡಲೆಕಾಳಿನಷ್ಟು ಬೆರಳಿಗೆ ತಗೊಂಡು ತೆಳುವಾಗಿ ಸವರಿ. ರಬ್ಬರ್ ಕಪ್ಪಗೆ ಹೊಳೆದರೆ ಸಾಕು. ಸ್ವಲ್ಪ ಹೊತ್ತು ಬಿಟ್ಟು, ಉಳಿದದ್ದನ್ನು ಒಣಬಟ್ಟೆಯಲ್ಲಿ ತೆಗೆಯಿರಿ. ಇಲ್ಲದಿದ್ದರೆ ಇಳಿಯುವಾಗ ಪ್ಯಾಂಟಿಗೆ ತಾಗುತ್ತದೆ.

ಅಂಗಡಿಯಲ್ಲಿ ಸುಮ್ನೆ "ಸಿಲಿಕೋನ್ ಕೊಡಿ" ಅಂದರೆ ಬಾತ್‌ರೂಮಿಗೆ ಹಚ್ಚುವ ಸೀಲೆಂಟ್ ಟ್ಯೂಬ್ ಕೊಟ್ಟುಬಿಡುತ್ತಾರೆ. ಅದು ಅಂಟು. ಹಚ್ಚಿ ಡೋರ್ ಹಾಕಿದರೆ ರಬ್ಬರ್ ಕಿತ್ತುಕೊಂಡೇ ಡೋರ್ ತೆಗೆಯಬೇಕು. ಟ್ಯೂಬ್ ಮೇಲೆ "ಗ್ರೀಸ್" ಅಂತ ಇದೆಯಾ, ಓದಿ ತಗೊಳ್ಳಿ.

ಪ್ರಶ್ನೆ (ತುಮಕೂರು): ಮನೆಯಲ್ಲಿ ತುಕ್ಕು ಬಿಡಿಸುವ ಡಬ್ಲ್ಯೂಡಿ-40 ಸ್ಪ್ರೇ ಡಬ್ಬಿ ಇದೆ. ಬೀಡಿಂಗಿಗೆ ಅದನ್ನೇ ಹೊಡೆದರೆ ಆಗಲ್ವಾ? ನಮ್ಮ ಮಾವ ಕೊಬ್ಬರಿ ಎಣ್ಣೆ ಹಚ್ಚು ಅಂತಾರೆ.

ಉತ್ತರ: ಎರಡೂ ಬೇಡ ಮೇಡಂ. ಡೋರ್ ಬೀಡಿಂಗ್ ಸಾಮಾನ್ಯವಾಗಿ ಇಪಿಡಿಎಂ ಅನ್ನುವ ರಬ್ಬರ್. ಬಿಸಿಲು ಮಳೆ ಎಲ್ಲ ತಡೆಯುತ್ತದೆ, ಪೆಟ್ರೋಲಿಯಂ ಎಣ್ಣೆ ಮಾತ್ರ ತಡೆಯಲ್ಲ. ಉಬ್ಬಿ, ಮೆತ್ತಗಾಗಿ, ಆಕಾರ ಕೆಡುತ್ತದೆ. ಮಾಮೂಲಿ ಡಬ್ಲ್ಯೂಡಿ-40ಯಲ್ಲಿ ಇರೋದು ಆ ಎಣ್ಣೆಯೇ. ಅದೇ ಕಂಪನಿಯ ಸಿಲಿಕೋನ್ ಸ್ಪ್ರೇ ಬೇರೆ ಡಬ್ಬಿಯಲ್ಲಿ ಬರುತ್ತದೆ, ಅದು ಪರವಾಗಿಲ್ಲ. ಎಂಜಿನ್ ಆಯಿಲ್, ಮಾಮೂಲಿ ಗ್ರೀಸ್, ವ್ಯಾಸಲಿನ್ ಕೂಡ ಬೇಡ. ಕೊಬ್ಬರಿ ಎಣ್ಣೆಗೆ ಧೂಳು ಅಂಟಿ ಮೊದಲಿಗಿಂತ ಗಲೀಜಾಗುತ್ತದೆ. ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ.

ಸ್ಪ್ರೇ ಆದರೆ ಬಟ್ಟೆಗೆ ಹೊಡೆದು ಆ ಬಟ್ಟೆಯಿಂದ ಒರೆಸಿ. ನೇರ ಹೊಡೆದರೆ ಮುಂದಿನ ಗ್ಲಾಸಿನ ಮೇಲೆ ಕೂತು, ಮಳೆಯಲ್ಲಿ ವೈಪರ್ ಹಾಕಿದಾಗ ಮಸುಕು ಮಸುಕಾಗುತ್ತದೆ. ಸದ್ಯದಲ್ಲೇ ಪೇಂಟ್ ಕೆಲಸ ಇದ್ದರೆ ಸಿಲಿಕೋನ್ ಬಳಸಿದ್ದನ್ನು ಪೇಂಟರ್‌ಗೆ ಮೊದಲೇ ಹೇಳಿ. ಅದರ ಜಿಡ್ಡು ಉಳಿದ ಕಡೆ ಪೇಂಟ್ ಹಿಡಿಯದೆ ಚುಕ್ಕೆ ಚುಕ್ಕೆ ಬಿಡುತ್ತದೆ.

ಪ್ರಶ್ನೆ (ಮಂಗಳೂರು): ನಮ್ಮದು ಕಿರ್ ಅಲ್ಲ ಅಣ್ಣಾ, ಗಡಗಡ. ಗ್ಲಾಸ್ ಅರ್ಧ ಇಳಿಸಿದಾಗ ಮಾತ್ರ. ಪೂರ್ತಿ ಏರಿಸಿದರೆ ಸದ್ದಿಲ್ಲ.

ಉತ್ತರ: ಸಡಿಲ ಇದ್ದರೆ ಗಡಗಡ. ಇದಕ್ಕೆ ಬೀಡಿಂಗ್ ಗ್ರೀಸ್ ಪ್ರಯೋಜನ ಇಲ್ಲ. ಗ್ಲಾಸ್ ಮೇಲೆ ಕೆಳಗೆ ಓಡಾಡುವ ಚಾನಲ್ ರಬ್ಬರ್ ಒಳಗೆ ಮೆತ್ತನೆಯ ನಾರಿನ ಪದರ ಇರುತ್ತದೆ. ಅದು ಸವೆದರೆ ಗ್ಲಾಸಿಗೆ ಹಿಡಿತ ತಪ್ಪುತ್ತದೆ. ಗಾಡಿ ನಿಲ್ಲಿಸಿ, ಗ್ಲಾಸ್ ಅರ್ಧ ಇಳಿಸಿ, ಅಂಚು ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಇನ್ನೊಂದು ಕಡೆಯ ಗ್ಲಾಸನ್ನೂ ಹಾಗೇ ಮಾಡಿ ನೋಡಿ. ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಚಾನಲ್ ಬದಲಿಸುವ ಮೊದಲು ಒಮ್ಮೆ ಸ್ವಚ್ಛ ಮಾಡಿ. ಗ್ಲಾಸ್ ಪೂರ್ತಿ ಇಳಿಸಿ, ಪ್ಲಾಸ್ಟಿಕ್ ಸ್ಕೇಲಿಗೆ ಒದ್ದೆ ಬಟ್ಟೆ ಸುತ್ತಿ ಚಾನಲ್ ಒಳಗೆ ಮೇಲೆ ಕೆಳಗೆ ಎಳೆಯಿರಿ. ಬರುವ ಮಣ್ಣು ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತದೆ. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಸ್ವಲ್ಪ ಸಾಕು. ಇಲ್ಲಿ ಗ್ರೀಸ್ ಬೇಡ, ಗ್ಲಾಸಿಗೆಲ್ಲ ಬಳಿಯುತ್ತದೆ.

ಆಮೇಲೂ ಅಲ್ಲಾಡಿದರೆ ಡೋರಿನ ಒಳಗಿನ ಪ್ಯಾಡ್ ಬಿಚ್ಚಿ, ಗ್ಲಾಸನ್ನು ರೆಗ್ಯುಲೇಟರ್‌ಗೆ (ಗ್ಲಾಸ್ ಏರಿಸಿ ಇಳಿಸುವ ಭಾಗ) ಹಿಡಿದಿರುವ ಬೋಲ್ಟು ನೋಡಬೇಕು. ಪ್ಯಾಡ್ ಹಿಂದೆ ಪ್ಲಾಸ್ಟಿಕ್ ಶೀಟ್ ಇರುತ್ತದೆ. ಸ್ಪೀಕರ್ ಹಾಕಿಸುವಾಗ ಕೆಲವರು ಅದನ್ನು ಹರಿದು ಹಾಗೇ ಬಿಡುತ್ತಾರೆ. ಅದು ಪಟಪಟ ಬಡಿಯುತ್ತದೆ, ಮಳೆ ನೀರೂ ಕಾರೊಳಗೆ ಬರುತ್ತದೆ. ನಿಮ್ಮ ಊರಿನ ಮಳೆಗೆ ಆ ಶೀಟ್ ಸರಿಯಾಗಿ ಅಂಟಿರಲೇಬೇಕು. ಡೋರಿನ ಅಡಿಯ ಸಣ್ಣ ತೂತುಗಳನ್ನು ಯಾರೂ ಮುಚ್ಚದಂತೆ ನೋಡಿಕೊಳ್ಳಿ. ಗ್ಲಾಸ್ ಪಕ್ಕದಿಂದ ಇಳಿದ ನೀರು ಹೊರಗೆ ಹೋಗೋದು ಅಲ್ಲಿಂದಲೇ.

ಪ್ರಶ್ನೆ (ಕಲಬುರಗಿ): ಸರ್, ನಮ್ಮ ಗಾಡಿ ನೆರಳಿಲ್ಲದೆ ನಿಲ್ಲುತ್ತದೆ. ಬೀಡಿಂಗ್ ಮೂಲೆಯಲ್ಲಿ ಬಿರುಕು ಬಿಟ್ಟಿದೆ. ಹೈವೇಯಲ್ಲಿ ಗಾಳಿ ಸದ್ದೂ ಇದೆ. ಇದಕ್ಕೂ ಗ್ರೀಸ್ ಸಾಕಾ?

ಉತ್ತರ: ಇಲ್ಲ ಸರ್, ಇದನ್ನು ಬದಲಿಸಿ. ಆದರೆ ಎಲ್ಲಾ ಡೋರಿಗೂ ಬೇಕಾ ನೋಡಿಕೊಳ್ಳಿ. ಬೀಡಿಂಗ್ ಮತ್ತು ಬಾಡಿ ನಡುವೆ ಒಂದು ಕಾಗದದ ಪಟ್ಟಿ ಇಟ್ಟು ಡೋರ್ ಹಾಕಿ, ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ಬಂದರೆ ರಬ್ಬರ್ ಒತ್ತುತ್ತಿದೆ. ಸುಲಭವಾಗಿ ಜಾರಿ ಬಂದರೆ ಅಲ್ಲಿ ಒತ್ತಡ ಇಲ್ಲ. ಸುತ್ತಲೂ ಹೀಗೆ ನೋಡುತ್ತಾ ಹೋಗಿ.

ಹೊಸದನ್ನು ಕೂರಿಸುವವರು ಎಳೆದು ಕೂರಿಸಬಾರದು, ಪಕ್ಕದಲ್ಲೇ ನಿಂತು ನೋಡಿ. ಎಳೆದ ರಬ್ಬರ್ ಕೆಲವು ದಿನಕ್ಕೆ ವಾಪಸ್ ಕುಗ್ಗಿ, ಜೋಡಣೆ ಹತ್ತಿರ ಸಂದು ಬಿಡುತ್ತದೆ. ಮೊದಲು ಮೂಲೆಗಳನ್ನು ಕೂರಿಸಿ, ನಡುವಿನದನ್ನು ಅಂಗೈಯಿಂದ ಒತ್ತುತ್ತಾ ಬರಬೇಕು. ಶುರುವಿಗೆ ಡೋರ್ ಸ್ವಲ್ಪ ಗಟ್ಟಿ ಅನ್ನಿಸುತ್ತದೆ, ಅದು ಸಹಜ.

ಪ್ರಶ್ನೆ (ಹುಬ್ಬಳ್ಳಿ): ಅಣ್ಣಾ, ಟೇಪ್ ಹಚ್ಚಿ ನೋಡಿದೆ. ಸದ್ದು ಮುಕ್ಕಾಲು ಕಡಿಮೆ. ಆದರೆ ಭುಜದ ಹತ್ತಿರ ಇನ್ನೂ ಟಕ್ ಟಕ್ ಉಳಿದಿದೆ.

ಉತ್ತರ: ಒಳ್ಳೇದಾಯ್ತು, ಬೀಡಿಂಗ್ ಸದ್ದು ಖಾತ್ರಿ ಆಯ್ತಲ್ಲ. ಈ ಟಕ್ ಟಕ್ ಡೋರ್ ಲಾಕಿನದು ಇರಬಹುದು. ನಡುಗಂಬದಲ್ಲಿ ಲಾಕ್ ಹೋಗಿ ಕಚ್ಚುವ ಬಾಗಿದ ಕಬ್ಬಿಣದ ಕೊಂಡಿ ಇದೆ. ಅದಕ್ಕೆ ಒಂದೇ ಸುತ್ತು ಇನ್ಸುಲೇಶನ್ ಟೇಪ್ ಸುತ್ತಿ ಓಡಿಸಿ. ನಿಂತರೆ ಅದೇ. ಟೇಪ್ ಬರೀ ಪರೀಕ್ಷೆಗೆ, ಹಾಗೇ ಬಿಡಬೇಡಿ. ಕೊಂಡಿ ಒರೆಸಿ ಬಿಳಿ ಲಿಥಿಯಂ ಗ್ರೀಸ್ ಸ್ವಲ್ಪ ಹಚ್ಚಿ, ಇದು ಕಬ್ಬಿಣ, ಇಲ್ಲಿ ನಡೆಯುತ್ತದೆ. ಆಗಲಿಲ್ಲ ಅಂದರೆ ಕೊಂಡಿಯನ್ನು ಸ್ವಲ್ಪ ಒಳಗೆ ಸರಿಸಬೇಕು. ಸಡಿಲಿಸುವ ಮೊದಲು, ಹಳೇ ಜಾಗ ಗೊತ್ತಿರಲಿ ಅಂತ, ಅದರ ಸುತ್ತ ಪೆನ್ಸಿಲ್ ಗೆರೆ ಹಾಕಲೇಬೇಕು. ಕೆಲಸ ಆದ ಮೇಲೆ ಡೋರ್ ಎರಡನೇ ಕ್ಲಿಕ್ ತನಕ ಕೂರುತ್ತಿದೆಯಾ ನೋಡಿ. ಮೊದಲ ಕ್ಲಿಕ್‌ಗೇ ನಿಂತರೆ ಗಾಡಿ ತೆಗೆಯಬೇಡಿ.

ಪ್ರಶ್ನೆ (ಬೆಂಗಳೂರು): ಕಲ್ಲು ಬಿದ್ದು ಮುಂದಿನ ಗ್ಲಾಸ್ ಬದಲಿಸಿದೆವು. ಆವತ್ತಿಂದ ಎಡಮೂಲೆಯಲ್ಲಿ ಕಟಕಟ. ಅಲ್ಲೂ ಸಿಲಿಕೋನ್ ಹಚ್ಚಲಾ?

ಉತ್ತರ: ಹಚ್ಚಬೇಡಿ ಸರ್. ಮುಂದಿನ ಗ್ಲಾಸ್ ನಿಂತಿರೋದು ಯುರಿಥೇನ್ ಅಂಟಿನ ಮೇಲೆ. ಅದು ಬಾಡಿಯ ಬಲದ ಒಂದು ಭಾಗ. ಪ್ಯಾಸೆಂಜರ್ ಏರ್‌ಬ್ಯಾಗ್ ಬಿಚ್ಚಿದಾಗ ಎಷ್ಟೋ ಕಾರುಗಳಲ್ಲಿ ಈ ಗ್ಲಾಸಿಗೇ ಒರಗಿ ನಿಲ್ಲುತ್ತದೆ. ಸದ್ದು ಹೊರಗಿನ ಪಟ್ಟಿಯದೂ ಇರಬಹುದು, ಅಂಟು ಹಿಡಿಯದ ಜಾಗದ್ದೂ ಇರಬಹುದು. ಒಬ್ಬರು ಹೊರಗಿಂದ ಪೈಪಿನಲ್ಲಿ ನೀರು ನಿಧಾನಕ್ಕೆ ಬಿಡಲಿ, ನೀವು ಒಳಗೆ ಟಾರ್ಚ್ ಹಿಡಿದು ಆ ಮೂಲೆ ನೋಡಿ. ಒಂದು ಹನಿ ಬಂದರೂ ಫೋಟೋ ತೆಗೆದುಕೊಂಡು, ಗ್ಲಾಸ್ ಹಾಕಿದವರ ಹತ್ತಿರ ಇವತ್ತೇ ಹೋಗಿ. ನೀರು ಬರದಿದ್ದರೂ ಈ ವಾರದೊಳಗೆ ಅವರಿಗೆ ಒಮ್ಮೆ ತೋರಿಸಿ.