ಸಹಾಯ ಬೇಕು: ಇಲ್ಲಿ ‘ಲೇನ್’ ಬರುತ್ತಾ, ‘ಲೇಡ್’ ಬರುತ್ತಾ?

ಇಂಗ್ಲಿಷ್ ಗ್ರಾಮರ್ ಪಾಠ ಮಾಡೋರು ಸ್ವಲ್ಪ ನೋಡಿ. ಮಲಗು ಅನ್ನೋದಕ್ಕೆ ಲೈ–ಲೇ–ಲೇನ್. ಮಲಗಿಸು, ಇಡು ಅನ್ನೋದಕ್ಕೆ ಲೇ–ಲೇಡ್–ಲೇಡ್. ಮೊದಲನೆಯದರ ಭೂತಕಾಲವೇ ಎರಡನೆಯದರ ಮೂಲರೂಪ, ಎಡವೋದು ಅಲ್ಲೇ. (ಸುಳ್ಳು ಹೇಳೋ ಲೈ ಬೇರೆ; ಅದು ಲೈಡ್–ಲೈಡ್, ಪಾಪ ತಂಟೆ ಇಲ್ಲ.)

ಕರ್ಮಪದ ಇದ್ರೆ ಲೇಡ್, ಇಲ್ಲದಿದ್ರೆ ಲೇನ್ ಅಂತ ಮಕ್ಕಳಿಗೆ ಹೇಳಿಕೊಟ್ಟಾಯ್ತು. ಆದ್ರೂ ‘ದ ಕೀಸ್ ಹ್ಯಾವ್ ___ ಆನ್ ದ ಟೇಬಲ್ ಸಿನ್ಸ್ ಮಂಡೇ’ ಅಂದ್ರೆ ಲೇಡ್ ಅಂತಲೇ ಬರೀತಾರೆ. ಕೀ ತಾನಾಗಿ ಮಲಗಲ್ಲ, ಯಾರೋ ಇಟ್ಟಿರ್ತಾರೆ ಅನ್ನೋದು ಅವರ ವಾದ. ಹಾಗಾದ್ರೆ ‘ಹ್ಯಾವ್ ಬೀನ್ ಲೇಡ್’ ಆಗ್ಬೇಕು. ಆಗ ‘ಸಿನ್ಸ್’ ಸರಿಯಾಗಿ ಕೂರಲ್ಲ.

ಇಲ್ಲಿ ಲೇನ್ ಒಂದೇ ಸರಿ ತಾನೆ? ನಿರ್ಜೀವ ವಸ್ತುವಿಗೂ ಅದೇ ಯಾಕೆ ಅಂತ ಮಕ್ಕಳಿಗೆ ಒಂದು ಸಾಲಲ್ಲಿ ಹೇಗೆ ಹೇಳೋದು?