‘ಯಾ ಗಜ್ಮಾ’ ಅಂದರೆ ಏನು?

ಸಿಂಧನೂರಿನವ:
ನಮ್ಮಣ್ಣ ಕುವೈತ್‌ನಲ್ಲಿ ವೆಲ್ಡಿಂಗ್ ಕೆಲಸ ಮಾಡ್ತಾನೆ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಇರುವಾಗಲೇ ಹಿಂದಿನಿಂದ ಈಜಿಪ್ಟಿನ ಮೇಸ್ತ್ರಿ ‘ಯಾ ಗಜ್ಮಾ’ ಅಂತ ಕೂಗಿದ, ಅಣ್ಣನ ಮುಖ ಸಪ್ಪಗಾಯಿತು, ಕೇಳಿದರೆ ಏನಿಲ್ಲ ಬಿಡು ಅಂದ. ಅದು ಬೈಗುಳಾನಾ?

ಮಾನ್ವಿಯವ:
ಹೌದು, ಬೈಗುಳವೇ. ‘ಯಾ’ ಅಂದರೆ ‘ಏ’ ಅಂತ ಕರೆಯೋದು, ಗಜ್ಮಾ ಅಂದರೆ ಬೂಟು. ಈಜಿಪ್ಟಿನ ಆಡುಮಾತು ಅದು, ಮೂಲ ತುರ್ಕಿಯ ‘ಚಿಜ್ಮೆ’. 1517ರಲ್ಲಿ ಈಜಿಪ್ಟ್ ತುರ್ಕಿಯ ಆಟೊಮನ್ ಸುಲ್ತಾನರ ಕೈಸೇರಿತಲ್ವಾ, ಹಾಗೆ ಎಷ್ಟೋ ತುರ್ಕಿ ಪದ ಅಲ್ಲಿ ಉಳಿದವು. ‘ಇಬ್ನ್ ಗಜ್ಮಾ’ ಅಂದರೆ ಬೂಟಿನ ಮಗ, ಅದು ಇನ್ನೂ ಜಾಸ್ತಿ ಕೆಟ್ಟದ್ದು.

ಗಂಗಾವತಿ ಅಕ್ಕ:
ನಮ್ಮ ಕಡೆ ‘ಕೆರ ತಗೊಂಡು ಹೊಡಿತೀನಿ’ ಅಂದರೆ ಹೇಗೆ ಚುಚ್ಚುತ್ತೋ ಅದೇ ಲೆಕ್ಕ. 2008ರಲ್ಲಿ ಬಾಗ್ದಾದ್‌ನಲ್ಲಿ ಪತ್ರಕರ್ತನೊಬ್ಬ ಆಗಿನ ಅಮೆರಿಕ ಅಧ್ಯಕ್ಷ ಬುಷ್ ಮೇಲೆ ಎರಡೂ ಬೂಟು ಎಸೆದಿದ್ದ. ತಮ್ಮಾ, ಅಣ್ಣನ ಜೊತೆ ಸ್ವಲ್ಪ ಮಾತಾಡು.

ಸಿಂಧನೂರಿನವ:
ಇವತ್ತು ರಾತ್ರಿನೇ ಫೋನ್ ಮಾಡ್ತೀನಿ ಅಕ್ಕ.